ಕೆರೆ ಬೋಟಿನ ಮೋಟರ್ ಯಾಕೆ ನಿಂತಿತು

ಹೊಸದಾಗಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿದ ಹುಡುಗರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿಬಿಟ್ಟಿವೆ. ಗ್ರೇಡ್ ಏರಲು ಎಷ್ಟು ವರ್ಷ ಬೇಕು, ವರ್ಗಾವಣೆ ತಪ್ಪಿಸಿಕೊಳ್ಳಲು ಯಾರನ್ನು ಹಿಡಿಯಬೇಕು, ಪಿಂಚಣಿ ಬರುತ್ತದೋ ಇಲ್ಲವೋ. ಇವಕ್ಕೆಲ್ಲ ಆಫೀಸಿನ ಗುಮಾಸ್ತರ ಹತ್ತಿರ ಉತ್ತರ ಇದೆ, ನನ್ನ ತಲೆ ತಿನ್ನಬೇಡಿ ಎಂದು ಕಳಿಸುತ್ತೇನೆ. ಎಂಜಿನ್ ಯಾಕೆ ನಿಲ್ಲುತ್ತದೆ ಎಂದು ಮಾತ್ರ ಒಬ್ಬನೂ ಕೇಳುವುದಿಲ್ಲ. ನಾನು ಜೀವಮಾನವೆಲ್ಲ ಮಾಡಿದ್ದು ಅದೊಂದೇ ಕೆಲಸ. ನಿಂತುಹೋದ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದು ಯಾಕೆ ನಿಂತಿತು ಎಂದು ಹುಡುಕುವುದು.

ನಾನು ಗಡಿಯಾಚೆ, ತೆಲುಗು ರಾಜ್ಯದ ನೀರಿನ ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಪಂಪಿನ ಎಂಜಿನ್ನು, ತೂಬಿನ ಗೇಟು, ಸಾಹೇಬರ ಜೀಪು, ಏನು ಕೆಟ್ಟರೂ ನಮಗೇ ಕರೆ. ಹುಟ್ಟಿದ್ದು ಅಮರಾಪುರದ ಕಡೆ, ಅರ್ಧ ಸರ್ವಿಸು ಮಡಕಶಿರಾದಲ್ಲಿ, ಉಳಿದರ್ಧ ರಾಯದುರ್ಗದಲ್ಲಿ. ಹೆಂಡತಿ ಶಾರದಾ ರಾಯದುರ್ಗದವಳಾದ್ದರಿಂದ ರಿಟೈರಾದ ಮೇಲೂ ಇಲ್ಲೇ ಉಳಿದೆವು. ಇಷ್ಟು ವರ್ಷ ಇಲ್ಲಿದ್ದರೂ ನಾನು ಬಾಯಿ ತೆರೆದರೆ ಸಾಕು, ಅಂಗಡಿಯವರು "ಮಡಕಶಿರಾದ ಕಡೆಯವ್ರೇನ್ರಿ" ಎಂದು ಕೇಳುತ್ತಾರೆ. ನನ್ನ ನಾಲಗೆ ಇನ್ನು ತಿದ್ದುವ ವಯಸ್ಸಿನದಲ್ಲ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಒಂದು ಮೋಟರಿನ ಕತೆ. ಸರ್ವಿಸಿನಲ್ಲಿದ್ದಾಗ ಅದನ್ನು ನಾನು ಮುಟ್ಟಿದವನಲ್ಲ. ರಿಟೈರಾಗಿ ಹೊತ್ತು ಹೋಗದೆ, ಖುಷಿಗೆ ಅಂತ ಬಿಚ್ಚಿದ್ದು. ಖುಷಿಯಲ್ಲಿ ಅದು ಮುಗಿಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಅದಕ್ಕೂ ಮುಂಚೆ ರಾಜ್ಯಲಕ್ಷ್ಮಿ ಮೇಡಂ ಅವರ ಬಗ್ಗೆ ಒಂದು ಮಾತು ಹೇಳಬೇಕು. ಮಡಕಶಿರಾದಲ್ಲಿ ನಮಗೆ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಬಂದಿದ್ದರು. ಗುಂಟೂರು ಕಡೆಯವರು, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ, ನಮಗೆ ತೆಲುಗು ಬರುತ್ತಿದ್ದುದರಿಂದ ನಡೆದುಹೋಯಿತು. ಒಮ್ಮೆ ಅಮರಾಪುರದ ಹತ್ತಿರ ಕುಡಿಯುವ ನೀರಿನ ಪಂಪ್‌ಹೌಸಿನ ಡೀಸೆಲ್ ಎಂಜಿನ್ನು ಹಠ ಹಿಡಿದು ಕೂತಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಂದು ಸಲ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಹೋದ ನಾವು ಮೂವರು ಮೆಕ್ಯಾನಿಕ್‌ಗಳು ಮೂರು ಕಾರಣ ಹೇಳಿದೆವು. ಒಬ್ಬ ನಾಜಲ್ಲು ಅಂದ, ಇನ್ನೊಬ್ಬ ಪಂಪು ಅಂದ, ನಾನು ರಿಂಗು ಸವೆದಿದೆ ಅಂದೆ. ಮೇಡಂ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತು, "ತೆರವಕುಂಡಾ ಕಾರಣಂ ಚೆಪ್ಪೊದ್ದು" ಅಂದರು. ಬಿಚ್ಚದೆ ಕಾರಣ ಹೇಳಬೇಡಿ ಅಂತ. ಒಂದೊಂದಾಗಿ ಬಿಚ್ಚಿಸಿದರು. ಕೊನೆಗೆ ಸೈಲೆನ್ಸರ್ ಕೊಳವೆಯಲ್ಲಿ ಕಡಜ ಕಟ್ಟಿದ ಮಣ್ಣಿನ ಗೂಡು ಸಿಕ್ಕಿತು. ಹೊಗೆ ಹೋಗಲು ದಾರಿ ಇರಲಿಲ್ಲ, ಅಷ್ಟೇ. ಅವರಿಗೂ ಅದು ಮೊದಲೇ ಗೊತ್ತಿರಲಿಲ್ಲ, ನಮ್ಮ ಜೊತೆ ಅವರೂ ನಕ್ಕರು. ಅವತ್ತಿನಿಂದ ನಾನು ಬಿಚ್ಚದೆ ಕಾರಣ ಹೇಳಿಲ್ಲ. ಬಿಚ್ಚಿದ ಮೇಲೆ ಕಂಡದ್ದನ್ನು ಬಿಟ್ಟು ಬೇರೆಯದನ್ನೂ ಹೇಳಿಲ್ಲ. ಈ ಎರಡನೆಯ ಅಭ್ಯಾಸವೇ ಮುಂದೆ ನನಗೆ ಮುಳುವಾಯಿತು.

ರಿಟೈರಾದ ಹೊಸದರಲ್ಲಿ ಮನೆಯಲ್ಲಿದ್ದ ಫ್ಯಾನು, ಮಿಕ್ಸಿ, ಪಕ್ಕದ ಮನೆಯವರ ಹೊಲಿಗೆ ಮಷೀನು ಎಲ್ಲ ಬಿಚ್ಚಿ ಜೋಡಿಸಿ ಮುಗಿಸಿದ್ದೆ. ಒಂದು ದಿನ ಗುಜರಿ ಅಂಗಡಿಯ ಖಾಜಾ ಸಾಬ್ ಫೋನ್ ಮಾಡಿ, "ಮೇಸ್ತ್ರಿ, ನಿಮ್ಮ ಆಫೀಸ್ನಾಗಿಂದ ಹಳೇ ಕಬ್ಬಿಣ ಬಂದೈತಿ, ಅದರಾಗ ಒಂದು ವಿಚಿತ್ರ ಮಷೀನ್ ಐತ್ರಿ, ಒಡೆಯೋಕ್ಕ ಮುಂಚೆ ನೋಡಿ ಹೋಗ್ರಿ" ಅಂದರು. ಹೋಗಿ ನೋಡಿದರೆ ಕೆರೆ ಬೋಟಿನ ಮೋಟರು. ಬೋಟಿನ ಹಿಂದಿನ ಹಲಗೆಗೆ ಎರಡು ಸ್ಕ್ರೂ ಬಿಗಿದು ನಿಲ್ಲಿಸುವಂಥದ್ದು. ಮೇಲೆ ಎಂಜಿನ್ನು, ಕೆಳಗೆ ನೀರಿನಲ್ಲಿ ಮುಳುಗುವ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ಮೂರು ರೆಕ್ಕೆಯ ಫ್ಯಾನು. ಯಾವುದೋ ಹೊರದೇಶದ ಮಾಲು, ನಾನು ಹುಟ್ಟುವ ಮುಂಚಿನದು. ಇಲಾಖೆಯ ಸ್ಟೋರಿನ ಮೂಲೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೆ. ಅದರ ಕತೆ ಅರ್ಧಂಬರ್ಧ ಕೇಳಿದ್ದೆ. ತೂಕದ ಲೆಕ್ಕದಲ್ಲಿ ಕೊಂಡು ಆಟೋದಲ್ಲಿ ಹಾಕಿಕೊಂಡು ಬಂದೆ.

ಶಾರದಾ ಬಾಗಿಲಲ್ಲಿ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಹೊಲಿಗೆ ಯೂನಿಟ್‌ನವರು ಮನೆಮನೆಗೆ ಕೊಡುವ ಕೆಲಸ ಅದು. ತಲೆ ಎತ್ತಿ ನೋಡಿ, "ಕುಡಿಯೋಕ್ಕ ಟ್ಯಾಂಕರ್ ಕಾಯೋ ಊರಾಗ ದೋಣಿ ಮೋಟ್ರು ತಂದ್ರೇನ್ರಿ. ಇನ್ನ ದೋಣಿ ಯಾವಾಗ ಬರ್ತತಿ?" ಎಂದು ಕೇಳಿ ಮತ್ತೆ ಕತ್ತರಿ ಹಿಡಿದಳು. ಅವಳ ಮಾತಿನಲ್ಲಿ ನ್ಯಾಯ ಇತ್ತು. ಹಿತ್ತಲಲ್ಲಿ ತಗಡಿನ ಕೆಳಗೆ ಎರಡು ಗೂಟ ನೆಟ್ಟು, ಅಡ್ಡ ಹಲಗೆ ಹೊಡೆದು, ಮೋಟರನ್ನು ಅದಕ್ಕೆ ಸಿಕ್ಕಿಸಿದೆ.

ಹಗ್ಗ ಸುತ್ತಿ ಎಳೆಯುವ ಮೇಲಿನ ಚಕ್ರ, ಅಂದರೆ ಫ್ಲೈವೀಲು, ಒಂದು ಕೂದಲಿನಷ್ಟೂ ತಿರುಗುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ಒಳಗೆ ಸೀಮೆಎಣ್ಣೆ, ಬ್ರೇಕ್ ಆಯಿಲ್ಲು ಬೆರೆಸಿ ಸುರಿದು ನೆನೆಯಲು ಬಿಟ್ಟೆ. ಇದರಲ್ಲಿ ಅವಸರ ಮಾಡಿದವನು ಕೆಟ್ಟ. ದಿನಾ ಬೆಳಗ್ಗೆ ಹೋಗಿ ಒಂದು ಸಲ ಅಲುಗಿಸಿ ನೋಡುವುದು, ಬರುವುದು. ಹಾಗೆ ನೆನೆಯುತ್ತಿದ್ದಾಗಲೇ ತಿಪ್ಪಣ್ಣ ಬಂದ.

ತಿಪ್ಪಣ್ಣ ನನಗಿಂತ ಹಿರಿಯ, ನನಗಿಂತ ಬಹಳ ಮುಂಚೆ ರಿಟೈರಾದವನು. ಗುಮ್ಮಘಟ್ಟದ ಆಚೆ ಒಂದು ದೊಡ್ಡ ಕೆರೆ ಇದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯ ಜನ ಈಗಲೂ ಇದ್ದಾರೆ. ಆ ಕೆರೆಗೆ ಇಲಾಖೆಯ ಬೋಟು ಇತ್ತು, ಆ ಬೋಟಿಗೆ ಡ್ರೈವರ್ ತಿಪ್ಪಣ್ಣ. ಹತ್ತು ವರ್ಷಕ್ಕೊಮ್ಮೆ ತುಂಬುವ ಕೆರೆ. ಅವನು ಕೆಲಸಕ್ಕೆ ಸೇರಿದ ವರ್ಷ ಅದರಲ್ಲಿ ಜಾಲಿ ಬೆಳೆದು ಕಾಡಾಗಿತ್ತು. ಈಜು ಬರುತ್ತದೆಯೇ ಎಂದು ಅವನನ್ನು ಯಾರೂ ಕೇಳಲಿಲ್ಲ, ಅವನಿಗೆ ಬರುತ್ತಲೂ ಇರಲಿಲ್ಲ. ಆಫೀಸಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದರು, ಅವನೂ ನಗುತ್ತಿದ್ದ. ಆಮೇಲೆ ಆದದ್ದು ಆದ ಮೇಲೆ ಯಾರೂ ನಗಲಿಲ್ಲ.

ಆ ದಿನ ನಾನು ಮಡಕಶಿರಾದಲ್ಲಿದ್ದೆ. ಮೇಲುಗಡೆ ಮಳೆಯಾಗಿ ಬೆಳಗಾಗುವುದರೊಳಗೆ ಕೆರೆಗೆ ನೀರು ನುಗ್ಗಿತ್ತು. ಕೆರೆಯಂಗಳದ ದಿಬ್ಬದ ಮೇಲೆ ಕುರಿ ಹಟ್ಟಿ ಹಾಕಿಕೊಂಡಿದ್ದ ಮಲ್ಲಯ್ಯ ಎಂಬವನು ಕುರಿಗಳ ಸಮೇತ ಮಧ್ಯದಲ್ಲಿ ಸಿಕ್ಕಿಕೊಂಡ. ಊರೆಲ್ಲ ಏರಿಯ ಮೇಲೆ ನಿಂತಿತ್ತು. ತಿಪ್ಪಣ್ಣ ಒಬ್ಬನೇ ಬೋಟು ಹೊರಡಿಸಿದ. ಮುಕ್ಕಾಲು ದಾರಿ ಹೋದ ಮೇಲೆ ಮೋಟರಿನ ಸದ್ದು ನಿಂತಿತು. ಸೆಳವು ಬೋಟನ್ನು ಪಕ್ಕಕ್ಕೆ ಒಯ್ದು ಜಾಲಿಮರಗಳ ತಲೆಗೆ ಸಿಕ್ಕಿಸಿತು. ಅವನು ಅಲ್ಲೇ ಕೊಂಬೆ ಹಿಡಿದುಕೊಂಡು ಕೂತ. ದಿಬ್ಬ ಮುಳುಗಿತು. ಮಲ್ಲಯ್ಯನ ಹೆಣ ಮಾರನೆಯ ದಿನ ಸಿಕ್ಕಿತು.

ಹಿತ್ತಲಿಗೆ ಬಂದ ತಿಪ್ಪಣ್ಣ ಮೊದಲು ಮೋಟರಿನ ಮುಂದೆ ನಿಂತು ಕೈ ಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಖಾಜಾ ಸಾಬ್ ಹೇಳಿದ್ರು. ಬಿಚ್ಚಾಕತ್ತೀರಂತ?"

"ಹೂಂ ಕಣಣ್ಣ, ಕೂತ್ಕ. ಹೊತ್ತು ಹೋಗ್ಬೇಕಲ್ಲ. ಓಡಂಗಾದ್ರೆ ಡ್ರಮ್ಮಿನ ನೀರಾಗೆ ಓಡ್ಸಿ ನೋಡಾನ ಅಂತ."

ಅವನು ಕೂರಲಿಲ್ಲ. "ಓಡಿದ್ರೂ ಅಷ್ಟ, ಓಡದಿದ್ರೂ ಅಷ್ಟ. ನನಗೊಂದು ಮಾತು ಬೇಕ್ರಿ, ಮೇಸ್ತ್ರಿ. ಅವತ್ತು ಅದು ತಾನ ನಿಂತೋ, ನಾನ ನಿಲ್ಲಿಸಿದೆನೋ, ಬಿಚ್ಚಿ ನೋಡಿ ಹೇಳ್ರಿ."

ನನಗೆ ಅರ್ಥವಾಗಲಿಲ್ಲ. "ನೀನು ನಿಲ್ಸಿದ್ರೆ ನಿಂಗೆ ಗೊತ್ತಿರಲ್ವ?"

ಅವನು ನಿಧಾನವಾಗಿ ಹೇಳಿದ. ಮೊದಮೊದಲು ಅವನಿಗೆ ಅನುಮಾನವೇ ಇರಲಿಲ್ಲ. ಎಂಜಿನ್ನು ಕಾದು, ಸದ್ದು ಬದಲಾಗಿ, ಗಕ್ಕನೆ ಹಿಡಿದುಕೊಂಡು ತಿರುಗದಾಗಿತ್ತು. ಆದರೆ ಮಾರನೆಯ ದಿನ ಅವನನ್ನೂ ಬೋಟನ್ನೂ ದಡಕ್ಕೆ ತಂದ ಮೇಲೆ ಸಾಹೇಬರು ಬಂದು ಎಲ್ಲರ ಮುಂದೆ ಮೋಟರಿನ ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಮೋಟರು ಚಾಲೂ ಆಯಿತು. ಏರಿಯ ಮೇಲಿದ್ದ ಜನರ ಕಿವಿಗೆ ಆ ಸದ್ದು ಬಿದ್ದದ್ದೇ ತೀರ್ಪಾಯಿತು. ಈಜು ಬರದವನು, ಸೆಳವು ನೋಡಿ ಅಂಜಿ ಆಫ್ ಮಾಡಿದ ಅಂದರು. ಎಂಜಿನ್ನಿನಲ್ಲಿ ದೋಷ ಇಲ್ಲ ಎಂದು ಸಾಹೇಬರು ಬರೆದರು. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಬರೆಯುತ್ತಿದ್ದೆ. ಅವನನ್ನು ಬೋಟಿನಿಂದ ತೆಗೆದು ತೂಬಿನ ವಾಚ್‌ಮನ್ ಮಾಡಿದರು.

"ಎಲ್ರೂ ಅಂದ್ರು. ಹೆಂಡ್ತಿನೂ ಒಂದಿನ ಅಂದ್ಲು. ಅಂದು ಅಂದು ನನಗೂ ಹಂಗ ಕಾಣಾಕತ್ತಿತ್ರಿ. ಕಣ್ಣು ಮುಚ್ಚಿದ್ರ ಸಾಕು, ನನ್ನ ಬೆರಳು ಹೋಗಿ ಆಫ್ ಗುಂಡಿ ಒತ್ತಿದಂಗ ಕಾಣತೈತಿ. ಒತ್ತಿದ್ದು ಖರೇನೋ, ಅವರು ಹೇಳಿದ್ದಕ್ಕ ಕಾಣತೈತೋ, ನನಗ ತಿಳಿವಲ್ದು. ಸಾಯೋದ್ರಾಗ ಅದೊಂದು ತಿಳೀಬೇಕು."

"ಆ ಮಲ್ಲಯ್ಯನ ಮನೆಯೋರು ಏನಂತಾರೆ?" ಎಂದು ಕೇಳಿದೆ.

"ಹನುಮಕ್ಕ ಒಬ್ಬಾಕೀನ ನನ್ನ ಬೈಲಿಲ್ಲ. ಗಂಡ ಸತ್ತಾಕಿ, ಆಕಿ ಬೈಬೇಕಿತ್ತು. ನೀರು ಕಂಡ್ರ ಅಂಜಿಕಿ ಯಾರಿಗಿಲ್ಲ, ಬಿಡಪ್ಪ ಅಂದ್ಲು. ವರ್ಷಕ್ಕೊಂದ್ಸಲ ಆಕಿ ಮನಿಗೆ ಹೋಗ್ತೀನಿ. ಮಜ್ಜಿಗಿ ಕೊಡ್ತಾಳ, ಕುಡದು ಬರ್ತೀನಿ. ಆ ಊರಾಗ ನನಗ ನೀರು ಕೊಡೋ ಮನಿ ಅದೊಂದ."

ಸರಿ ಕಣಣ್ಣ, ಬಿಚ್ಚಿದ ಮೇಲೆ ಏನು ಕಂಡರೂ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೊತ್ತು ಕಳೆಯಲು ತಂದ ಮೋಟರು ಅಲ್ಲಿಂದ ಮುಂದೆ ಆಟದ ಸಾಮಾನಾಗಿ ಉಳಿಯಲಿಲ್ಲ.

ಫ್ಲೈವೀಲು ಒಂದು ಬೆಳಗ್ಗೆ ಕಿರ್ರೆಂದು ಅಲುಗಿತು. ಹೆಡ್ಡು, ಬ್ಲಾಕು ಬಿಚ್ಚಿ ಪಿಸ್ಟನ್ನುಗಳನ್ನು ಹೊರಗೆ ತೆಗೆದೆ. ಎರಡರ ಮೈಮೇಲೂ ಮೇಲಿನಿಂದ ಕೆಳಗೆ ಗೀರು. ಅಲ್ಯೂಮಿನಿಯಂ ಕರಗಿ, ಪಿಸ್ಟನ್ನು ಓಡಾಡುವ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. ಓಡುವಾಗಲೇ ಹಿಡಿದುಕೊಂಡ ಎಂಜಿನ್ನಿನ ಗುರುತು ಇದು. ಗುಂಡಿ ಒತ್ತಿ ನಿಲ್ಲಿಸಿದ ಎಂಜಿನ್ನಿನಲ್ಲಿ ಇಂಥ ಗೀರು ಬೀಳುವುದಿಲ್ಲ. ಹೊಸ ಹುಡುಗರು ಇದನ್ನು ನೆನಪಿಡಬೇಕು. ಕಾದು ಹಿಡಿದುಕೊಂಡ ಎಂಜಿನ್ನು ತಣ್ಣಗಾದ ಮೇಲೆ ಎಷ್ಟೋ ಸಲ ಸಡಿಲಾಗುತ್ತದೆ, ಮಾರನೆಯ ದಿನ ಏನೂ ಆಗದ ಹಾಗೆ ಚಾಲೂ ಆಗುತ್ತದೆ. ಚಾಲೂ ಆಯಿತು ಎಂದ ಮಾತ್ರಕ್ಕೆ ಅದು ನಿನ್ನೆಯೂ ಸರಿಯಿತ್ತು ಎಂದರ್ಥವಲ್ಲ.

ಅಲ್ಲಿಗೇ ತಿಪ್ಪಣ್ಣನನ್ನು ಕರೆದು ಹೇಳಿಬಿಡಬಹುದಿತ್ತು. ಅವನು ಕೇಳಿದ್ದು ಅಷ್ಟನ್ನೇ. ಆದರೆ ಮೆಕ್ಯಾನಿಕ್ ಬುದ್ಧಿ ಸುಮ್ಮನಿರಬೇಕಲ್ಲ. ಕಾದದ್ದು ಯಾಕೆ ಎಂಬುದು ಉಳಿದಿತ್ತು. ಇಂಥ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ಲು ಬೆರೆಸಬೇಕು, ಬೆರೆಸದಿದ್ದರೆ ಹಿಡಿದುಕೊಳ್ಳುತ್ತದೆ. ನನ್ನ ಮೊದಲ ಅನುಮಾನ ಅದೇ. ಬೇರಿಂಗು ಬಿಚ್ಚಿದೆ, ಒಳಗೆ ಹಳೆಯ ಆಯಿಲ್ಲು ಜಿಗಟಾಗಿ ಕೂತಿತ್ತು, ಬೇರಿಂಗು ಸೊಗಸಾಗಿತ್ತು. ಆಯಿಲ್ಲಿನದು ತಪ್ಪಲ್ಲ. ಹಾಗಾದರೆ ನೀರಿನದು. ಕೆರೆಯ ನೀರನ್ನೇ ಎಳೆದುಕೊಂಡು ಮೈ ತಣ್ಣಗೆ ಮಾಡಿಕೊಳ್ಳುವ ಮೋಟರು ಇದು. ಕಾಲಿನೊಳಗೆ ನೀರೆತ್ತುವ ಒಂದು ರಬ್ಬರ್ ಚಕ್ರ ಇರುತ್ತದೆ. ಅದನ್ನು ತೆಗೆದರೆ ಸುಟ್ಟು ಕಲ್ಲಿದ್ದಲಾಗಿತ್ತು. ನೀರು ಸಿಗದೆ ಒಣಗಿ ತಿರುಗಿದ ಚಕ್ರ. ನೀರಿನ ಮಧ್ಯದಲ್ಲಿ ನಿಂತ ಮೋಟರಿಗೆ ನೀರು ಯಾಕೆ ಸಿಗಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಈಗಿನ ಕಾಲದ ಒಂದು ಅನುಕೂಲ ಒಪ್ಪಿಕೊಳ್ಳಬೇಕು. ನಾವು ಕೆಲಸ ಕಲಿತದ್ದು ಸ್ಕ್ರೂಡ್ರೈವರಿನ ಹಿಡಿಕೆ ಕಿವಿಗಿಟ್ಟುಕೊಂಡು, ಮದುವೆ ಕಾರ್ಡಿನಲ್ಲಿ ಗ್ಯಾಸ್ಕೆಟ್ ಕತ್ತರಿಸಿಕೊಂಡು. ಈಗ ಫೋನಿನಲ್ಲಿ ಎಲ್ಲೆಲ್ಲಿಯವರೋ ತಮ್ಮ ಮನೆಯ ಗ್ಯಾರೇಜಿನಲ್ಲಿ ಇಂಥದೇ ಹಳೆಯ ಮೋಟರು ಬಿಚ್ಚುವುದನ್ನು ನೋಡಬಹುದು. ಭಾಷೆ ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತದೆ. ಅಂಥ ಒಂದು ವಿಡಿಯೋದಲ್ಲಿ ಒಬ್ಬ ಮುದುಕ ಕಾಲಿನ ಎರಡು ಪಕ್ಕದ ಸಣ್ಣ ಸೀಳುಗಳನ್ನು ತಂತಿ ಹಾಕಿ ಚುಚ್ಚಿ ತೋರಿಸುತ್ತಿದ್ದ. ನೀರು ಒಳಗೆ ಹೋಗುವ ದಾರಿ ಅದು. ನಾನು ಎದ್ದು ಹಿತ್ತಲಿಗೆ ಹೋಗಿ ನನ್ನ ಮೋಟರಿನ ಕಾಲು ನೋಡಿದೆ. ಸೀಳು ಇರಲೇ ಇಲ್ಲ. ಕೈಯಾಡಿಸಿದರೆ ನುಣ್ಣಗಿತ್ತು.

ಹಳೆ ಬ್ಲೇಡು ಹಿಡಿದು ಕೆರೆಯಲು ಕೂತೆ. ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ತೂಬಿನ ಗೇಟಿಗೆ ಬಳಿಯುವ ಹಸಿರು, ಅದರ ಕೆಳಗೆ ಆಫೀಸಿನ ಕಿಟಕಿಯ ನೀಲಿ, ಮತ್ತೆ ಹಸಿರು, ಮತ್ತೆ ಬೆಳ್ಳಿ. ಪದರಗಳ ಸಂದಿನಲ್ಲಿ ಅಲ್ಲಲ್ಲಿ ಕುಂಕುಮದ ಕೆಂಪು. ಎಲ್ಲ ಕೆರೆದು ಮೂಲ ಲೋಹ ಬಂದಾಗ ಸೀಳುಗಳು ಕಂಡವು. ಒಂದೊಂದರಲ್ಲೂ ಬಣ್ಣ ಗಟ್ಟಿಯಾಗಿ ತುಂಬಿ ಕೂತಿತ್ತು. ತಂತಿಯಿಂದ ಚುಚ್ಚಿದರೆ ಬಿಲ್ಲೆಬಿಲ್ಲೆಯಾಗಿ ಉದುರಿತು.

ನಮ್ಮ ಇಲಾಖೆಯಲ್ಲಿ ಬಣ್ಣದ್ದು ಒಂದು ದೊಡ್ಡ ರೋಗ. ರಾಯದುರ್ಗದಲ್ಲಿ ನಮಗೊಬ್ಬ ಸಾಹೇಬರಿದ್ದರು, ಏನು ಕೆಟ್ಟಿದೆ ಎಂದು ಹೋಗಿ ಹೇಳಿದರೂ "ಮುಂದು ಪೇಂಟ್ ಕೊಟ್ಟಂಡಿ, ತರ್ವಾತ ಚೂದ್ದಾಂ" ಅನ್ನುತ್ತಿದ್ದರು. ಮೊದಲು ಬಣ್ಣ ಹೊಡೆಯಿರಿ, ಆಮೇಲೆ ನೋಡೋಣ. ದೊಡ್ಡವರ ತಪಾಸಣೆ ಇದೆ ಎಂದರೆ ಗ್ರೀಸು ಹಾಕುವ ತೂತಿಗೂ ಬಣ್ಣ, ಬಿಚ್ಚಬೇಕಾದ ಬೋಲ್ಟಿಗೂ ಬಣ್ಣ. ಓಡದ ಯಂತ್ರಕ್ಕೆ ನಾವು ಮಾಡಬಹುದಾದ ಸೇವೆ ಅದೊಂದೇ ಆಗಿತ್ತು. ಬೋಟಿನ ಮೋಟರಂತೂ ಕೆರೆಯಲ್ಲಿ ನೀರಿಲ್ಲದೆ ವರ್ಷಗಟ್ಟಲೆ ಸ್ಟ್ಯಾಂಡಿನ ಮೇಲೆ ನಿಂತದ್ದು. ಪ್ರತಿ ಆಯುಧಪೂಜೆಗೆ ತಿಪ್ಪಣ್ಣ ಉಳಿದ ಬಣ್ಣ ಬೇಡಿ ತಂದು ಅದಕ್ಕೆ ಬಳಿಯುತ್ತಿದ್ದ. ಮೇಲೆ ಕೆಳಗೆ ಒಂದಿಷ್ಟೂ ಬಿಡದೆ, ತನ್ನ ಮನೆಯ ದೇವರಿಗೆ ಮಾಡಿದ ಹಾಗೆ. ಪೂಜೆಯ ದಿನ ಡ್ರಮ್ಮಿನ ನೀರಲ್ಲಿ ಇಳಿಸಿ, ಹಗ್ಗ ಎಳೆದು, ಸದ್ದು ಕೇಳಿಸಿದ ಕೂಡಲೇ ನಿಲ್ಲಿಸಿ ತೆಂಗಿನಕಾಯಿ ಒಡೆಯುತ್ತಿದ್ದರು. ಅಷ್ಟು ಸ್ವಲ್ಪ ಹೊತ್ತಿಗೆ ಎಂಜಿನ್ನು ಕಾಯುವುದಿಲ್ಲ. ನಿಜವಾಗಿ ದೂರ ಓಡಬೇಕಾದ ದಿನ ಕಾಯಿತು.

ಬಣ್ಣ ಬಳಿದದ್ದು ಅವನೇ. ಬೇರೆ ಯಾರಿಗೂ ಅವನು ಆ ಮೋಟರನ್ನು ಮುಟ್ಟಗೊಡುತ್ತಿರಲಿಲ್ಲ ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಅವತ್ತು ಶಾರದಾಗೆ ಎಲ್ಲ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

"ತಾನ ನಿಂತತಿ ಅಂತ ಹೇಳ್ರಿ. ಅದು ಸುಳ್ಳಲ್ಲ. ಆತ ಕೇಳಿದ್ದೂ ಅದನ್ನ. ಬಣ್ಣದ ಮಾತು ಯಾಕ ಬೇಕು?"

"ಯಾಕೆ ನಿಂತು ಅಂತ ಕೇಳೇ ಕೇಳ್ತಾನೆ ಕಣೇ."

"ಕೇಳಿದ್ರ ಗೊತ್ತಾಗಲಿಲ್ಲ ಅನ್ರಿ. ನಿಮಗ ಗೊತ್ತಾಗದ್ದು ಲೋಕದಾಗ ಏನೂ ಇಲ್ಲೇನು?"

ಅವಳು ಹೇಳಿದ ಹಾಗೆಯೇ ಮಾಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಉಳಿದ ಕೆಲಸ ಮುಗಿಸಿದೆ. ಬೋರು ತಿಕ್ಕಿಸಿ, ಪಿಸ್ಟನ್ನು ಬಳ್ಳಾರಿಯ ಲೇತಿನವನ ಹತ್ತಿರ ಸರಿಮಾಡಿಸಿ, ಹಳೆ ಮೊಪೆಡ್ಡಿನ ಕಂಡೆನ್ಸರು ಹಾಕಿ, ರಬ್ಬರ್ ಚಕ್ರವನ್ನು ಸಮುದ್ರದ ಕಡೆಯ ಊರಿನಿಂದ ತರಿಸಿ ಜೋಡಿಸಿದೆ. ಡ್ರಮ್ಮಿಗೆ ನೀರು ತುಂಬಿ ಹಗ್ಗ ಎಳೆದಾಗ ಮೋಟರು ಹೊಗೆ ಬಿಟ್ಟುಕೊಂಡು ಚಾಲೂ ಆಯಿತು. ಹಿಂದಿನ ಸಣ್ಣ ತೂತಿನಿಂದ ಬೆಚ್ಚಗಿನ ನೀರು ಚಿಮ್ಮಿತು. ಇಡೀ ಕೆಲಸದಲ್ಲಿ ನನಗೆ ಸಂತೋಷವಾದದ್ದು ಅಷ್ಟು ಹೊತ್ತು ಮಾತ್ರ. ತಿಪ್ಪಣ್ಣನಿಗೆ ಫೋನು ಮಾಡಿಸಿದೆ.

ಅವನು ಒಗೆದ ಅಂಗಿ ಹಾಕಿಕೊಂಡು ಬಂದ. ಪಿಸ್ಟನ್ನಿನ ಹಳೆಯ ಗೀರುಗಳ ಫೋಟೋ ತೋರಿಸಿ, ಎಂಜಿನ್ನು ತಾನಾಗಿಯೇ ಹಿಡಿದುಕೊಂಡದ್ದು, ನೀನು ನಿಲ್ಲಿಸಿಲ್ಲ ಎಂದೆ. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಖರೇನ್ರಿ?"

"ಖರೆ ಕಣಣ್ಣ. ಯಾರನ್ನಾದ್ರೂ ಕರ್ಕೊಂಬಂದು ತೋರ್ಸು."

ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತ. ಶಾರದಾ ಒಳಗಿನಿಂದ ಚಹಾ ತಂದು ಪಕ್ಕದಲ್ಲಿಟ್ಟಳು. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದ.

"ಯಾಕ ಹಿಡಕೊಂತ್ರಿ, ಮೇಸ್ತ್ರಿ?"

ಗೊತ್ತಾಗಲಿಲ್ಲ ಎನ್ನಲು ಬಾಯಿ ತೆರೆದೆ, ಮಾತು ಬರಲಿಲ್ಲ. ಇಡೀ ಸರ್ವಿಸಿನಲ್ಲಿ ಬಿಚ್ಚಿ ನೋಡಿದ ಮೇಲೆ ಗೊತ್ತಿಲ್ಲ ಎಂದವನಲ್ಲ ನಾನು. ನನ್ನ ಮುಖ ನೋಡಿಯೇ ಅವನಿಗೆ ಏನೋ ಅನಿಸಿರಬೇಕು, ಎದ್ದು ಮೋಟರಿನ ಹತ್ತಿರ ಹೋದ. ಬಣ್ಣವೆಲ್ಲ ಹೋಗಿ ಬೋಳಾಗಿದ್ದ ಕಾಲನ್ನು ಸವರಿದ. ಸೀಳುಗಳ ಮೇಲೆ ಅವನ ಬೆರಳು ನಿಂತಿತು.

"ಇವು ಮೊದಲು ಇದ್ದಿಲ್ಲ" ಅಂದ.

"ಇದ್ವು ಕಣಣ್ಣ. ನೀರು ಒಳಿಕ್ಕೆ ಹೋಗೋ ದಾರಿ. ಬಣ್ಣದಾಗೆ ಮುಚ್ಚೋಗಿದ್ವು."

ಅವನು ಮತ್ತೆ ಅಳಲಿಲ್ಲ. ಸೀಳುಗಳನ್ನು ಎಣಿಸುವವನ ಹಾಗೆ ಒಂದೊಂದನ್ನೇ ಮುಟ್ಟಿದ. ಆಮೇಲೆ ತಣ್ಣಗಾಗಿದ್ದ ಚಹಾ ಕುಡಿದು ಲೋಟ ತೊಳೆದಿಟ್ಟ. "ಹನುಮಕ್ಕಗ ಹೇಳಬೇಕು. ನೀವೂ ಬರ್ರಿ, ನನಗ ಇದನ್ನೆಲ್ಲ ತಿಳಿಸಿ ಹೇಳಾಕ ಬರಲ್ಲ" ಅಂದ. ನಾನು ಬೇಡ ಎಂದೆ. ನೀನು ಅಂಜಿ ನಿಲ್ಲಿಸಲಿಲ್ಲ ಎಂದಷ್ಟೇ ಹೇಳು, ಸಾಕು ಎಂದೆ. "ಅರ್ಧಾ ಹೇಳಿ ಆಕೀ ಕೈಯ ಮಜ್ಜಿಗಿ ಹೆಂಗ ಕುಡೀಲಿ?" ಎಂದು ಚಪ್ಪಲಿ ಮೆಟ್ಟಿಕೊಂಡ.

ಗುಮ್ಮಘಟ್ಟದವರೆಗೆ ಬಸ್ಸು, ಅಲ್ಲಿಂದ ಷೇರ್ ಆಟೋ. ಹನುಮಕ್ಕ ಹಟ್ಟಿಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಹಣ್ಣು ಮುದುಕಿ, ಆದರೆ ಬೆನ್ನು ನೆಟ್ಟಗಿತ್ತು. ಇವನನ್ನು ನೋಡಿ, "ಏನಪ್ಪ, ಈ ವರ್ಷ ಜಲ್ದಿ ಬಂದಿ" ಎಂದು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು. ತಿಪ್ಪಣ್ಣ ಲೋಟ ಮುಟ್ಟಲಿಲ್ಲ. ಮೊದಲು ಅವನೇ ಶುರು ಮಾಡಿದ, ನಡುವೆ ತಡವರಿಸಿದಾಗ ನಾನು ಹೇಳಿದೆ. ಎಂಜಿನ್ನು ಕಾದದ್ದು, ನೀರಿನ ದಾರಿ ಮುಚ್ಚಿದ್ದು, ವರ್ಷವರ್ಷವೂ ಬಳಿದ ಬಣ್ಣ. ಎಲ್ಲವನ್ನೂ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ಅವಳು ಸೊಪ್ಪಿನ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅಂದ್ರ ನೀ ಅಂಜಿಲ್ಲ" ಅಂದಳು.

"ಇಲ್ಲಬೇ, ಅಂಜಿಲ್ಲ."

"ಅಂಜೀದಿ ಅಂತ ತಿಳಕೊಂಡಿದ್ದೆ. ಅದಕ್ಕ ಸುಮ್ಮನಿದ್ದೆ. ಏರಿ ಮ್ಯಾಲೆ ನಾನೂ ಅಂಜಿಕೊಂಡು ನಿಂತಿದ್ದೆ. ನೀರಿಗೆ ಬೀಳಲಿಲ್ಲ, ನನ್ನ ಗಂಡನ ಕಡೆ ಹೋಗಲಿಲ್ಲ. ನನ್ನಂಗ ನೀನೂ ಅಂಜಿದಾತ ಅಂತ ನಿನ್ನ ಬೈಲಿಲ್ಲ." ಅವಳ ದನಿ ಏರಲಿಲ್ಲ. "ಈಗ ಬಂದು ಬಣ್ಣ ಅಂತಿ. ಚಂದ ಕಾಣ್ಲಿ ಅಂತ ಬಳದ ಬಣ್ಣಕ್ಕ ಹೋದನ ಅವನು? ಇದನ್ನ ತಗೊಂಡು ನಾನೇನು ಮಾಡ್ಲಿ?"

ಅವಳು ಎರಡೂ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಹೋಗುವಾಗ ತಿರುಗಿ, "ಇನ್ನ ಬರಬ್ಯಾಡಪ್ಪ" ಅಂದಳು. ಸಿಟ್ಟಿನಿಂದ ಹೇಳಿದ ಹಾಗೆ ಇರಲಿಲ್ಲ. ಅವಳು ಮತ್ತೆ ಹೊರಗೆ ಬಾರದ್ದರಿಂದ ನಾವು ರಸ್ತೆಗೆ ಬಂದೆವು.

ಹೇಳಿದ್ದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಈ ಕೆಲಸಕ್ಕೆ ಬರುವ ಹುಡುಗರಿಗೆ ಕಾರಣ ಹುಡುಕುವುದನ್ನು ಕಲಿಸಬಲ್ಲೆ. ಹುಡುಕಿದ ಕಾರಣವನ್ನು ಎಲ್ಲಿ ಇಡಬೇಕು ಎಂದು ನನಗೇ ಯಾರೂ ಕಲಿಸಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಸಂತೆಗೆ ಹೊರಟ ಹೆಂಗಸರು ತುಂಬಿದ್ದರು. ತಿಪ್ಪಣ್ಣನೂ ನಾನೂ ಡ್ರೈವರನ ಅಕ್ಕಪಕ್ಕ ಒತ್ತಿಕೊಂಡು ಕೂತಿದ್ದೆವು. ಅರ್ಧ ದಾರಿ ಬಂದ ಮೇಲೆ ತಿಪ್ಪಣ್ಣ ನನ್ನ ಕಡೆ ನೋಡದೆಯೇ ಹೇಳಿದ.

"ಅಂಜಿದ್ದಿದ್ರ ಚಲೋ ಇತ್ತು ನೋಡ್ರಿ, ಮೇಸ್ತ್ರಿ."

ಡ್ರೈವರು ಏನು ಎಂದು ಕೇಳಿದ. ನಾವಿಬ್ಬರೂ ಏನೂ ಇಲ್ಲ ಅಂದೆವು.